ಮೊದ್ಲು ನೆಗೆಟಿವ್ ತೆಗೀರಿ

ನಮ್ಮನಿಯವ್ರಿಗೆ ಸಿಟ್ಟೇ ಬರಂಗಿಲ್ಲರಿ. ನನಗ ಸಿಟ್ಟು ಬರೋದೇ ಅದಕ್ಕ. ಏನು ಕೇಳ್ರಿ, "ಆತು, ಐದು ನಿಮಿಷ, ಬಂದೆ" ಅಂತಾರ. ಒಲ್ಲೆ ಅನ್ನೋ ಮಾತು ಅವ್ರ ಬಾಯಾಗ ಹುಟ್ಟೇ ಇಲ್ಲ. ಲಗ್ನ ಆಗಿ ಮೂವತ್ತೊಂದು ವರ್ಷ. ಆ ಐದು ನಿಮಿಷಕ್ಕಂತ ನಾನು ಹೊಸಪೇಟಿ ಬಸ್‌ಸ್ಟ್ಯಾಂಡಿನಾಗ ಕಾದೀನಿ, ಕಂಪ್ಲಿಯಾಗ ಕಾದೀನಿ, ದರೋಜಿ ಕ್ರಾಸಿನಾಗ ಒಂದ್ಸಲ ಚಾದಂಗಡಿಯಾಕಿ "ಕರಡಿ ಬರೋ ಹೊತ್ತಾತವ್ವ" ಅಂತ ಬಾಗ್ಲಾ ಹಾಕ್ಕೊಂಡು ಹೋದಮ್ಯಾಲೂ ಕಾದೀನಿ. ಕರಡಿನಾದ್ರೂ ಬರ್ತಿತ್ತೇನೋ, ಇವ್ರು ಬರ್ಲಿಲ್ಲ.

ಹೆಸರು ಹಾಲಸ್ವಾಮಿ. ಸಂಡೂರಿನ ಒಂದು ಮೈನಿಂಗ್ ಕಂಪ್ನಿಯಾಗ ಸ್ಟೋರ್ಸ್ ಇನ್‌ಚಾರ್ಜ್ ಆಗಿದ್ದು ರಿಟೈರ್ ಆದೋರು. ಇಪ್ಪತ್ತಾರು ವರ್ಷ ನಟ್ಟು, ಬೋಲ್ಟು, ಬೇರಿಂಗು, ಬ್ಯಾಟ್ರಿ ಎಲ್ಲಾ ಇಶ್ಯೂ ಮಾಡ್ಯಾರ, ಒಂದನ್ನೂ ಬೆರಳಿಂದ ಮುಟ್ಟಿಲ್ಲ. ಬಿಳಿ ಅಂಗಿ ಹಾಕ್ಕೊಂಡು ಹೋಗಿ ಬಿಳಿ ಅಂಗಿನಾಗೇ ಮನಿಗೆ ಬರೋರು. ಸಂಡೂರು ಮೈನ್ಸಿಂದ ಹಂಗ ಬರೋದು ಸಣ್ಣ ಮಾತಲ್ಲ, ಅಲ್ಲಿ ನಾಯಿಗೋಳು ಸೈತ ಕೆಂಪಗ ಇರ್ತಾವ. ಇವ್ರಿಗೆ ಹತ್ತದ ಕೆಂಪೆಲ್ಲಾ ಕಾರಿಗೆ ಹತ್ತಿತ್ತು. ಮ್ಯಾಲೆ ನೋಡಿದ್ರ ಬೆಳ್ಳಗ ಮಸ್ತ್ ಕಾಣೋದು. ಬಾನೆಟ್ ಎತ್ತಿದ್ರ ಒಳಗ ಮಣ್ಣಿನ ಗುಡ್ಡ, ಹನ್ನೊಂದು ವರ್ಷದ ಅದಿರಿನ ಧೂಳು ಆಯಿಲ್ ಕುಡ್ದು ಗಟ್ಟಿಯಾಗಿ ಕುಂತಿತ್ತು.

ನನ್ನ ಹೆಸರು ಎರ್ರಮ್ಮ. ಐವತ್ನಾಲ್ಕು ವಯಸ್ಸು. ಈ ವಯಸ್ಸಿನಾಗ ನಾನು ಕಾರು ಕಲಿಯಾಕ ಹೋಗಿದ್ದು ಷೋಕಿಗಲ್ಲ. ನಮ್ಮಕ್ಕ ಉಚ್ಚಂಗೆಮ್ಮಗ ಹೋದ ವರ್ಷ ಲಕ್ವ ಹೊಡೀತು. ಬಲಗೈ, ಬಲಗಾಲು ಎರಡೂ ಬಿದ್ದು ಹೋದ್ವು. ಆಕಿ ಇರೋದು ಬುಕ್ಕಸಾಗರದಾಗ. ಮಂಗಳವಾರ, ಶುಕ್ರವಾರ ಹೊಸಪೇಟಿಗೆ ಕರ್ಕೊಂಡು ಬಂದು ಕೈಕಾಲಿಗೆ ಕಸರತ್ತು ಮಾಡಿಸ್ಬೇಕು, ಒಂದು ವಾರನೂ ತಪ್ಪಿಸ್ಬಾರ್ದು, ತಪ್ಪಿಸಿದ್ರ ಕೈ ಹಂಗೇ ಉಳೀತೈತಿ ಅಂತ ಡಾಕ್ಟ್ರು ಹೇಳಿದ್ರು. ನಮ್ಮನಿಯವ್ರು "ಆತು, ನಾ ಕರ್ಕೊಂಡು ಬರ್ತೀನಿ" ಅಂದ್ರು. ಎರಡು ಸಲ ಕರ್ಕೊಂಡು ಬಂದ್ರು. ಮೂರನೇ ಸಲ ಅಕ್ಕ ಮುಂಜಾನೆ ಎಂಟಕ್ಕ ಸೀರಿ ಉಡಿಸ್ಕೊಂಡು ಕಟ್ಟಿಮ್ಯಾಲೆ ಕುಂತಾಕಿ, ಗದ್ದಿಯಿಂದ ಆಳುಗೋಳು ವಾಪಸ್ ಬರೋತನ ಕುಂತೇ ಇದ್ಲಂತ. ಇವ್ರು ಫೋನಿನಾಗ ನಾಲ್ಕು ಸಲ ಐದು ನಿಮಿಷ ಅಂದಿದ್ರಂತ. ನಾನು ಕಾದದ್ದು ಬ್ಯಾರೆ, ಆಕಿ ಕಾದದ್ದು ಬ್ಯಾರೆ. ಮರುದಿನಾನೇ ಹೋಗಿ ಡ್ರೈವಿಂಗ್ ಕ್ಲಾಸಿಗೆ ಸೇರಿದೆ.

ಕಲಿಸಿದಾಕಿ ಸಂಘಮಿತ್ರಾ. ಆಟೋಮೊಬೈಲ್ ಡಿಪ್ಲೊಮಾ ಮಾಡ್ಕೊಂಡ ಹುಡುಗಿ, ಹೆಣ್ಮಕ್ಕಳಿಗಂತನೇ ಡ್ರೈವಿಂಗ್ ಸ್ಕೂಲ್ ಇಟ್ಟಾಳ. ಆಕಿ ಅಪ್ಪ ಉಚ್ಚೆಂಗೆಪ್ಪ ಇವ್ರ ಕಂಪ್ನಿಯಾಗೇ ಟಿಪ್ಪರ್ ಓಡಿಸ್ತಿದ್ದ. ಮಲಪನಗುಡಿ ಕಡೆ ರೋಡಿನಾಗ ಕಲಿಸಿದ್ಲು, ಹಂಪಿ ರೋಡಿನಾಗ ಆಟೋದವ್ರ ನಡುವ ಬಿಟ್ಲು. "ಹೆದರಬ್ಯಾಡ್ರಿ ಅಮ್ಮಾ, ಅವ್ರೇ ನಿಮ್ಮನ್ನ ನೋಡಿ ಹೆದರ್ತಾರ" ಅಂದ್ಲು. ಖರೇನೇ ಹೆದರಿದ್ರು.

ಟೆಸ್ಟಿಗೆ ಸೋಮವಾರ ಹತ್ತು ಗಂಟಿ ಅಂತ ತಾರೀಖು ಸಿಕ್ತು. ನನ್ನ ಎಲ್‌ಎಲ್, ಅಂದ್ರ ಕಲಿಯೋರಿಗೆ ಕೊಡೋ ಲೈಸೆನ್ಸ್, ಮುಗಿಯೋದು ಬುಧವಾರ. ಸೋಮವಾರ ತಪ್ಪಿದ್ರ ಮೊದಲಿಂದ ಮತ್ತ ಅರ್ಜಿ, ಮತ್ತ ತಿಂಗಳುಗಟ್ಟಲೆ ಕಾಯೋದು, ಅಲ್ಲಿತನ ಅಕ್ಕನ ಕೈ ಹೋದಂಗೇ. ಸಾಲದ್ದಕ್ಕ ಸಂಘಮಿತ್ರಾನ ಸ್ಕೂಲ್ ಕಾರಿನ ಗೇರ್‌ಬಾಕ್ಸ್ ಬಿಚ್ಚಿಟ್ಟಿದ್ರು. ನಮ್ಮ ಕಾರಿನಾಗೇ ಹೋಗ್ಬೇಕು, ಎಲ್ ಬೋರ್ಡ್ ಹಾಕಿ, ಪಕ್ಕದಾಗ ಲೈಸೆನ್ಸ್ ಇರೋ ನಮ್ಮನಿಯವ್ರನ್ನ ಕುಂದ್ರಿಸ್ಕೊಂಡು. ಆಕಿ ಗ್ರೌಂಡಿಗೇ ಬರ್ತೀನಿ ಅಂದಿದ್ಲು.

ಇಷ್ಟಾದಮ್ಯಾಲೆ ನಮ್ಮನಿಯವ್ರು ಶುರು ಮಾಡಿದ್ರು ನೋಡ್ರಿ. ಒಲ್ಲೆ ಅನ್ನೋರಲ್ಲಲ್ಲ. ಶನಿವಾರ ಬಾನೆಟ್ ಎತ್ತಿ, ಮಕ ಸಣ್ಣದು ಮಾಡ್ಕೊಂಡು, "ಅಲ್ಲ ಎರ್ರೀ, ಇನ್‌ಸ್ಪೆಕ್ಟರ್ ಬಾನೆಟ್ ತೆಗೆಸಿ ನೋಡಿದ್ರ? ಇಂಜಿನ್ ಹಿಂಗಿಟ್ಟಾಕಿ ಗಾಡಿ ಹೆಂಗ ಇಟ್ಕೊಂತಾಳಂತ ಫೇಲ್ ಮಾಡ್ತಾನ. ವಾಟರ್ ಸರ್ವಿಸಿಗೆ ಬಿಡ್ತೀನಿ. ಮಂಗಳವಾರ ಕೊಡ್ತಾನಂತ" ಅಂದ್ರು.

"ಟೆಸ್ಟು ಸೋಮವಾರ ಐತಿ."

"ಹೌದಲ್ಲ" ಅಂದ್ರು. ಭಾಳ ಬೇಜಾರಾದೋರಂಗ ಗದ್ದ ಕೆರ್ಕೊಂಡ್ರು.

ನನಗ ಹಟ ಹತ್ತಿತು. ಮನ್ಯಾಗೇ ತೊಳ್ಯೋಣು ಅಂದೆ. ಸಂಘಮಿತ್ರಾಗ ಮೆಸೇಜ್ ಹಾಕಿದೆ. ಭಾನುವಾರ ಮುಂಜಾನೆ ಆಕಿ ವಾಯ್ಸ್ ಕಳ್ಸಿದ್ಲು. ನನ್ನ ಕೈ ಹಿಟ್ಟಿನಾಗಿತ್ತು, ಫೋನ್ ಇವ್ರ ಕೈಯಾಗಿತ್ತು, ಅಲ್ಲೇ ನೋಡ್ರಿ ಎಡವಟ್ಟಾಗಿದ್ದು.

"ಅಮ್ಮಾ, ವಾಟರ್ ಸರ್ವಿಸಿಗೆ ಬ್ಯಾಡ. ಅವ್ರು ಜೋರಾಗಿ ನೀರು ಹೊಡದ್ರ ವೈರಿಂಗಿನಾಗ ಕುಂದ್ರತೈತಿ. ಮನ್ಯಾಗೇ ಮಾಡ್ರಿ. ಇಂಜಿನ್ ಪೂರಾ ತಣ್ಣಗಿರ್ಬೇಕು. ಮೊದ್ಲು ನೆಗೆಟಿವ್ ತೆಗೀರಿ. ನೆಗೆಟಿವ್ ತೆಗೀದೆ ಏನೂ ಮುಟ್ಟಬ್ಯಾಡ್ರಿ. ಉಳಿದದ್ದು ನಾನು ಹತ್ತಕ್ಕ ಬಂದು ತೋರಿಸ್ತೀನಿ."

ರಿಟೈರ್ ಆದಾಗಿಂದ ಇವ್ರಿಗೆ ಪಾಸಿಟಿವ್ ಹುಚ್ಚು ಹಿಡದೈತಿ. ದಿನಾ ಐದೂವರಿಗೆ ಎದ್ದು ಹಂಪಿ ಸೂರ್ಯೋದಯದ ಚಿತ್ರದ ಮ್ಯಾಲೆ "ಪಾಸಿಟಿವ್ ಯೋಚನೆ, ಪಾಸಿಟಿವ್ ಜೀವನ" ಅಂತ ಬರ್ದು ಮುನ್ನೂರು ಮಂದಿಗೆ ಕಳಸ್ತಾರ. ಅಂಥೋರ ಕಿವಿಗೆ ಮೊದ್ಲು ನೆಗೆಟಿವ್ ತೆಗೀರಿ ಅಂತ ಬಿದ್ರ ಏನಾಗ್ಬೇಕು? ಕಣ್ಣು ಅಗಲ ಮಾಡ್ಕೊಂಡು ಅಡ್ಗಿಮನಿಗೆ ಬಂದ್ರು.

"ಎರ್ರೀ, ಆ ಹುಡುಗಿಗೂ ಗೊತ್ತಾಗೈತಿ ನೋಡು."

"ಏನ್ರೀ?"

"ಗಾಡಿಯಾಗ ನೆಗೆಟಿವ್ ಐತಿ ಅಂತ. ನನಗ ಮೊದಲಿಂದನೂ ಡೌಟಿತ್ತು. ನೀ ಸುಮ್ಮನಿರು, ನಾ ತೆಗೆಸ್ತೀನಿ."

ನಾನೂ ಪೂರ್ತಿ ಕೇಳ್ಲಿಲ್ಲ ಬಿಡ್ರಿ. ಒಲಿಮ್ಯಾಲೆ ಎಣ್ಣಿ ಕಾದಿತ್ತು. ತೆಗೆಸ್ಲಿ, ಏನರ ಒಂದು ಕೆಲ್ಸ ಮಾಡ್ಲಿ ಅಂದ್ಕೊಂಡೆ.

ಅರ್ಧ ತಾಸಿನಾಗ ಇವ್ರು ಕರೆಸಿದ ಗಾದಿಲಿಂಗಪ್ಪ ಬಂದ. ಈತ ಮೊದ್ಲು ಅಂಗೈಮ್ಯಾಲೆ ತೆಂಗಿನಕಾಯಿ ಇಟ್ಕೊಂಡು ಬೋರ್ ಪಾಯಿಂಟ್ ತೋರಿಸ್ತಿದ್ದ. ತೋರಿಸಿದ ಮೂರು ಕಡೆನೂ ಧೂಳೇ ಬಂತು. ಆ ಊರುಗೋಳ ಮಂದಿ ಈತನ್ನ ಹುಡುಕ್ಯಾಡಾಕ ಹತ್ತಿದಮ್ಯಾಲೆ ಕಸುಬು ಬದಲಿಸಿ, "ಪಾಸಿಟಿವ್ ಎನರ್ಜಿ ಸಲಹೆಗಾರರು – ಮನೆ, ಅಂಗಡಿ, ವಾಹನ" ಅಂತ ಕಾರ್ಡ್ ಮಾಡಿಸ್ಕೊಂಡಾನ. ತೆಂಗಿನಕಾಯಿ ಮಾತ್ರ ಹಳೇದೇ ಇರ್ಬೇಕು. ಅದನ್ನೇ ಅಂಗೈಮ್ಯಾಲೆ ಇಟ್ಕೊಂಡು ಕಾರಿನ ಸುತ್ತ ಮೂರು ಸುತ್ತು ಬಂದ. ಡ್ರೈವರ್ ಸೀಟಿನ ಹಂತ್ಯಾಕ ಬಂದಾಗ ತೆಂಗಿನಕಾಯಿ ಗಿರ್ರನ ತಿರುಗಿತು, ಇಲ್ಲಾ ಈತನೇ ತಿರುಗಿಸಿದ.

"ಇಲ್ಲೇ ಐತ್ರಿ ಸ್ವಾಮೇರ. ಈ ಸೀಟಿನಾಗ ಇತ್ತೀಚಿಗೆ ಯಾರೋ ಹೊಸಬ್ರು ಕುಂತಾರ."

ನಾನು ಬಾಗಿಲಾಗ ನಿಂತಿದ್ದೆ. "ನಾನೇ ಕುಂತೀನಿ" ಅಂದೆ.

"ಹಾಂ" ಅಂದ. ರೋಗ ಸಿಕ್ಕಿದ ಡಾಕ್ಟ್ರಂಗ ತಲಿ ಹಾಕಿದ. ನಮ್ಮನಿಯವ್ರು ನೆಲ ನೋಡ್ಕೊಂತ ನಿಂತ್ರು, ಮಕದಾಗ ಮಾತ್ರ ಒಂಥರಾ ಸಮಾಧಾನ.

ಮೂವತ್ತೊಂದು ವರ್ಷ ಇವ್ರ ಮನಿ ಬೆಳಗೀನಿ, ಈಗ ನಾನೇ ನೆಗೆಟಿವ್ ಆದೆ. ಅಕ್ಕಿ ತೊಳ್ಯಾಕ ಒಳಗ ಹೋದೆ. ಹೋದಾಕಿಗೆ ಕಿಡಕಿಯಾಗಿಂದ ಗಮ್ಮನ ಪೆಟ್ರೋಲ್ ವಾಸನಿ ಬಂತು. ಹಣಿಕಿ ನೋಡಿದೆ. ನಮ್ಮನಿಯವ್ರು ಗಡ್ಡ ಹೆರಿಯೋ ಹಳೇ ಬ್ರಷ್ಷಿಲೆ ಇಂಜಿನ್ನಿಗೆಲ್ಲಾ ಪೆಟ್ರೋಲ್ ಬಳದು ನಿಂತಾರ. ಸ್ಟೋರ್ಸಿನ ಹಿಂದ ಮೆಕ್ಯಾನಿಕ್‌ಗೋಳು ಹಂಗ ತೊಳ್ಯೋದನ್ನ ದೂರದಿಂದ ನೋಡಿದ್ರಂತ. ಗಾದಿಲಿಂಗಪ್ಪ ಒಂದು ತಟ್ಟಿಯಾಗ ವೀಳ್ಯದೆಲಿ ಇಟ್ಟು, ಅದರ ಮ್ಯಾಲೆ ನಾಲ್ಕು ಕರ್ಪೂರದ ಬಿಲ್ಲಿ ಹಚ್ಚಿ, ಉರಿಯೋದನ್ನ ಹಿಡ್ಕೊಂಡು ಬ್ಯಾಟ್ರಿ ಮ್ಯಾಲೆ ಇಡಾಕ ಬಗ್ಗಾಕತ್ತಾನ.

ಯವ್ವಾ! ಕಾಲಾಗ ಶಕ್ತಿ ಎಲ್ಲಿಂದ ಬಂತೋ ಗೊತ್ತಿಲ್ಲ. ಅಕ್ಕಿ ತೊಳ್ದ ನೀರಿನ ಬೋಗಾಣಿ ಹಿಡ್ಕೊಂಡೇ ಓಡಿದೆ. ಅವನ ಅಂಗಿ ಕಾಲರ್ ಹಿಡ್ದು ಹಿಂದಕ್ಕ ಜಗ್ಗಿ, ತಟ್ಟಿಮ್ಯಾಲೆ, ಅವನ ಮ್ಯಾಲೆ, ಇವ್ರ ಮ್ಯಾಲೆ, ಇಡೀ ಬೋಗಾಣಿ ಸುರುವಿದೆ. ಕರ್ಪೂರ ಚುಂಯ್ ಅಂತು. ಗಾದಿಲಿಂಗಪ್ಪನ ಮೀಸಿಮ್ಯಾಲೆ ನಾಲ್ಕು ಅಕ್ಕಿಕಾಳು ಕುಂತ್ವು.

"ಮಂಗಳಾರತಿ ಆರಿಸಿಬಿಟ್ಟೆಲ್ಲ ಎರ್ರೀ!" ಅಂದ್ರು ನಮ್ಮನಿಯವ್ರು.

"ಅದನ್ನ ಆರಿಸ್ದಿದ್ರ ನೀವಿಬ್ರೂ ಆರ್ತಿದ್ರಿ! ಪೆಟ್ರೋಲಿನ ಮ್ಯಾಲೆ ದೀಪ ಇಡ್ತಾರೇನ್ರೀ ಯಾರಾದ್ರೂ? ತಲಿಯಾಗ ಏನು ಮಣ್ಣೈತೇನು? ಅದೂ ಸಂಡೂರಿಂದೇ ತಂದೀರೇನು?" ನಾನು ಬೈಯ್ದದ್ದು ಹೆದರಿಕಿಗೇ. ಗಾದಿಲಿಂಗಪ್ಪ ತೆಂಗಿನಕಾಯಿ ಬಗಲಾಗ ಇಟ್ಕೊಂಡು, "ಈ ನೆಗೆಟಿವ್ ನನ್ನ ಕೈಲೆ ಆಗಂಗಿಲ್ಲರಿ ಸ್ವಾಮೇರ" ಅಂತ ಹೊಂಟೇ ಹೋದ.

ಹತ್ತಕ್ಕ ಸಂಘಮಿತ್ರಾ ಬಂದ್ಲು. ನಡೆದದ್ದನ್ನ ಹೇಳಿದೆ. ಮೊದ್ಲು ಆಕಿ ಮಕ ಬಿಳಿಚಿತು. ಪೆಟ್ರೋಲ್ ಬಾಟ್ಲಿ ತಾನೇ ಒಯ್ದು ದೂರ ಇಟ್ಲು, ಒಣ ಬಟ್ಟಿಲೆ ಎಲ್ಲಾ ಒರಿಸಿದ್ಲು, ಬಟ್ಟಿನೂ ಹೊರಗ ದೂರ ಹಾಕಿದ್ಲು, ವಾಸನಿ ಪೂರಾ ಹೋಗೋತನ ಬಾನೆಟ್ ತೆಗದಿಟ್ಟು ಯಾರೂ ಹಂತ್ಯಾಕ ಹೋಗಬ್ಯಾಡ್ರಿ ಅಂದ್ಲು. ಆಮ್ಯಾಲೆ ಕಟ್ಟಿಮ್ಯಾಲೆ ಕುಂತು ನಗಾಕ ಹತ್ತಿದಾಕಿ ನಿಲ್ಲಿಸ್ಲೇ ಇಲ್ಲ. ನಮ್ಮನಿಯವ್ರು ಆಕಿಗೆ ಚಾ ತಂದ್ರು, ಪೇಪರ್ ಕಪ್ಪಿನಾಗ. ನಮಗೆಲ್ಲಾ ಸ್ಟೀಲ್ ಲೋಟ. ನಾನು ಅದನ್ನ ಇಸ್ಕೊಂಡು ನನ್ನ ಲೋಟ ಆಕಿ ಕೈಗೆ ಕೊಟ್ಟು, ಪೇಪರ್ ಕಪ್ಪು ಇವ್ರ ಕೈಗೆ ಕೊಟ್ಟೆ. "ಪಾಸಿಟಿವ್ ಆಗಿ ಕುಡೀರಿ" ಅಂದೆ. ಕುಡದ್ರು.

ಒಂದೂವರೆ ತಾಸಾದಮ್ಯಾಲೆ ಸಂಘಮಿತ್ರಾ ನನ್ನ ಕೈಗೆ ನಟ್ಟು ಬಿಚ್ಚೋ ಹತ್ತು ನಂಬರ್ ಪಾನಾ ಕೊಟ್ಲು. ಬ್ಯಾಟ್ರಿ ಮ್ಯಾಲಿನ ಕರೀ ವೈರ್ ತೋರಿಸಿ, "ಇದು ನೋಡ್ರಿ ಅಮ್ಮಾ ನೆಗೆಟಿವ್" ಅಂದ್ಲು. "ಇದನ್ನ ತೆಗೆದಿಟ್ರ ಗಾಡಿಯಾಗ ಕರೆಂಟೇ ಇಲ್ಲದಂಗ. ನೀರು ತಾಗಿದ್ರೂ ಏನೂ ಸುಡಂಗಿಲ್ಲ."

ನಾನೇ ಬಿಚ್ಚಿದೆ. ಎಷ್ಟು ಹಗುರಾಗಿ ಬಂತಂತೀರಿ! ಆಕಿ ಹೇಳ್ಕೊಂತ ಹೋದ್ಲು, ನಾನು ಮಾಡ್ಕೊಂತ ಹೋದೆ. ಸೀರಿ ಅಂಗಡಿ ಪ್ಲಾಸ್ಟಿಕ್ ಕವರ್ ತಂದು ಕರೆಂಟ್ ಹುಟ್ಟಿಸೋ ಆಲ್ಟರ್ನೇಟರಿಗೆ ಒಂದು ಕಟ್ಟಿದೆ, ಫ್ಯೂಸ್ ಡಬ್ಬಿಗೆ ಒಂದು, ಗಾಳಿ ಎಳ್ಕೊಳ್ಳೋ ಪೈಪಿನ ಬಾಯಿಗೆ ಒಂದು. "ಇದು ಗಾಡಿ ಮೂಗು. ಇಲ್ಲಿ ನೀರು ಹೋದ್ರ ಮುಗೀತು, ಕವರ್ ತೆಗ್ಯಾಕ ಮರೆತ್ರೂ ಮುಗೀತು" ಅಂದ್ಲು. ಮೊದ್ಲು ಒಣ ಬ್ರಷ್ಷಿಲೆ ಧೂಳು ಉದುರಿಸೋದು. ಪಾತ್ರಿ ತೊಳ್ಯೋ ಸೋಪು ನೀರಿನಾಗ ಕಲಸಿ, ಪೇಂಟ್ ಬ್ರಷ್ಷಿಲೆ ಹಚ್ಚಿ, ಹಲ್ಲುಜ್ಜೋ ಹಳೇ ಬ್ರಷ್ಷಿಲೆ ಸಂದಿ ಸಂದಿ ತಿಕ್ಕೋದು. ಪೈಪ್ ಹಚ್ಚಿ ನೀರು ಬಿಡಂಗಿಲ್ಲ, ತೊಯ್ದ ಬಟ್ಟಿ ಹಿಂಡಿ ಹಿಂಡಿ ಒರಿಸೋದು, ಅಷ್ಟೇ. ಬಕೀಟು ಬಕೀಟು ಕೆಂಪು ನೀರು ಮೋರಿಗೆ ಹೋತು. ಎದುರು ಮನಿಯಾಕಿ ಹಣಿಕಿ, "ಓಕಳಿ ಆಡಿದ್ರೇನ್ರೀ ಎರ್ರಮ್ಮಾರ?" ಅಂದ್ಲು.

ಕೆಂಪಿನ ತಳದಾಗಿಂದ ಒಂದೊಂದೇ ಸಾಮಾನು ಹೊರಗ ಬಂತು. ಹಳದಿ ಮುಚ್ಚಳ, ಕರೀ ಪೈಪು, ಬೆಳ್ಳಿಯಂಥ ಅಲ್ಯುಮಿನಿಯಂ. ಹನ್ನೊಂದು ವರ್ಷ ಈ ಗಾಡಿಯಾಗ ಹಿಂದ ಕುಂತು ತಿರುಗೀನಿ, ಒಳಗ ಏನೈತಿ ಅಂತ ಗೊತ್ತೇ ಇರ್ಲಿಲ್ಲ ನನಗ. ಖುಷಿ ಆತು. ಅಡ್ಗಿಮನಿ ತೊಳದಾಗ ಇಂಥಾ ಖುಷಿ ಯಾವತ್ತೂ ಆಗಿಲ್ಲ, ಖರೇ ಹೇಳ್ತೀನಿ.

ಬ್ಯಾಟ್ರಿ ಮ್ಯಾಲೆ ಬೆಳ್ಳಗ ಉಪ್ಪು ಕಟ್ಟಿತ್ತು. ಅಡ್ಗಿ ಸೋಡಾ ಬಿಸಿನೀರಿನಾಗ ಕಲಸಿ ತಿಕ್ಕಿ ತಿಕ್ಕಿ ಒಂದು ಕಣಾನೂ ಉಳೀದಂಗ ತೆಗದೆ. ಎಲ್ಲಾ ಒರಿಸಿ, ಎಲ್ಲಾ ಕವರ್ ಬಿಚ್ಚಿ, ಬಾನೆಟ್ ಎತ್ತಿಟ್ಟು ಎರಡು ತಾಸು ಒಣಗಿಸಿದ್ವಿ. ಕಡೀಕ ನೆಗೆಟಿವ್ ವೈರ್ ಹಾಕಿ ನಾನೇ ಬಿಗಿ ಮಾಡಿದೆ. ಮತ್ತ ಉಪ್ಪು ಕಟ್ಟಬಾರ್ದಂತ ಅದರ ಮ್ಯಾಲೆ ವ್ಯಾಸಲೀನ್ ಸವರಿಸಿದ್ಲು ಸಂಘಮಿತ್ರಾ. ಕೀಲಿ ತಿರುವಿದೆ. ಒಂದೇ ಏಟಿಗೆ ಚಾಲೂ ಆತು.

ನಮ್ಮನಿಯವ್ರು ಕೈ ಹಿಂದ ಕಟ್ಕೊಂಡು ಎಲ್ಲಾ ನೋಡಾಕತ್ತಿದ್ರು.

"ಅಂದ್ರ, ಆ ಕರೀ ವೈರ್ ಒಂದು ತೆಗದ್ರ ಗಾಡಿ ಚಾಲೂ ಆಗಂಗಿಲ್ಲ?" ಅಂತ ಸಂಘಮಿತ್ರಾನ್ನ ಕೇಳಿದ್ರು.

"ಸುತಾರಾಂ ಆಗಂಗಿಲ್ಲ ಅಂಕಲ್."

"ಮತ್ತ ಹಾಕಾಕ ಭಾಳ ಹೊತ್ತು ಬೇಕೇನು?"

"ಐದು ನಿಮಿಷದ ಕೆಲ್ಸ."

"ಓಹೋ" ಅಂದ್ರು. ಬಗ್ಗಿ ಪಾನಾ ತಗೊಂಡು, "ಸಾಮಾನು ಅದರ ಜಾಗದಾಗ ಇಡಬೇಕು" ಅಂತ ಒಳಗ ಒಯ್ದ್ರು. ಸ್ಟೋರ್ಸಿನ ಚಾಳಿ ಅಂದ್ಕೊಂಡೆ. ಇವ್ರೂ ಒಂದು ವಿಷ್ಯ ಕಲತ್ರಲ್ಲ ಅಂತ ಸಂತೋಷ ಪಟ್ಟೆ, ಹುಚ್ಚಿ ನಾನು.

ಸೋಮವಾರ ಐದಕ್ಕ ಎದ್ದೆ. ಅಕ್ಕಗ ಫೋನ್ ಮಾಡಿದೆ. ಲಕ್ವ ಹೊಡದಮ್ಯಾಲೆ ಆಕಿ ಮಾತು ತೊದಲ್ತೈತಿ. "ನಾ... ನಾಳೆ ನೀ ಬರ್ತೀಯಲ್ಲ?" ಅಂದ್ಲು. ಬರ್ತೀನಿ ಅಂದೆ. ಎಷ್ಟು ಹೊತ್ತಿಗೆ ಅಂತ ಆಕಿ ಕೇಳ್ಲಿಲ್ಲ, ನಾನೇ ಹೇಳಿದೆ, ಎಂಟಕ್ಕ ಅಂತ.

ಒಂಬತ್ತಕ್ಕ ಗಾಡಿಯಾಗ ಕುಂತು ಕೀಲಿ ತಿರುವಿದೆ. ಟಕ್ ಅಂತ ಸೈತ ಅನ್ಲಿಲ್ಲ. ಇನ್ನೊಮ್ಮೆ ತಿರುವಿದೆ. ಲೈಟಿಲ್ಲ, ಹಾರನ್ ಇಲ್ಲ, ಹೆಣ ಬಿದ್ದಂಗ ಬಿದ್ದೈತಿ.

ನಮ್ಮನಿಯವ್ರು ಜಳಕ ಮಾಡಿ, ಪೂಜಿ ಮುಗಿಸಿ, ಹಣಿಮ್ಯಾಲೆ ಮೂರು ಎಳಿ ವಿಭೂತಿ ಎಳ್ಕೊಂಡು, ಬಿಳಿ ಅಂಗಿ ಹಾಕ್ಕೊಂಡು ಬಾಗಿಲಾಗ ನಿಂತಿದ್ರು. "ಅಯ್ಯ ಪಾಪ" ಅಂದ್ರು. ಎದುರು ಮನಿಯಾಕಿ ಬಂದು, "ನಿನ್ನೆ ನೀರು ಹಾಕಿದ್ರಲ್ಲ, ಅದಕ್ಕೇ" ಅಂದ್ಲು. ಹಾದಿಯಾಗ ಹೊಂಟಿದ್ದ ಹಾಲಿನವ, "ಹೆಣ್ಮಕ್ಕಳು ಇಂಜಿನ್ನಿಗೆ ಕೈ ಹಚ್ಚಬಾರ್ದ್ರಿ" ಅಂದ. ಆತನ ಸ್ಕೂಟ್ರು ತಳ್ಳಿದ್ರ ಮಾತ್ರ ಚಾಲೂ ಆಗ್ತೈತಿ, ಆದ್ರೂ ಅಂದ.

"ಹೋಗ್ಲಿ ಬಿಡು ಎರ್ರೀ" ಅಂದ್ರು ನಮ್ಮನಿಯವ್ರು. ಧ್ವನಿಯಾಗ ಬೆಲ್ಲ ಸುರೀತಿತ್ತು. "ಆರೋಗ್ಯ ಮುಖ್ಯ. ಮತ್ತ ಅರ್ಜಿ ಹಾಕಿದ್ರಾತು. ಅಕ್ಕನ್ನ ನಾ ಕರ್ಕೊಂಡು ಬರ್ತೀನಲ್ಲ."

ನಾನು ಇಳದು ಬಾನೆಟ್ ಎತ್ತಿದೆ. ಒಳಗ ಹೊಸಾ ಗಾಡಿಯಂಗ ಥಳಥಳ ಹೊಳೀತಿತ್ತು. ನೆಗೆಟಿವ್ ವೈರ್ ಬ್ಯಾಟ್ರಿಮ್ಯಾಲಿಂದ ಎದ್ದು ಪಕ್ಕಕ್ಕ ವಾಲಿ ನಿಂತಿತ್ತು.

"ನೋಡು, ನೀ ಸರಿಯಾಗಿ ಬಿಗಿ ಮಾಡಿಲ್ಲ" ಅಂದ್ರು ಇವ್ರು ಹಿಂದಿಂದ.

ನನ್ನ ಕಣ್ಣಾಗ ನೀರು ಬಂದ್ಬಿಡ್ತು. ಹೌದೇನೋ ಅನ್ನಿಸ್ತು. ಮುದುಕಿ ನಾನು, ನಿನ್ನೆ ಮೊದಲನೇ ಸಲ ಪಾನಾ ಹಿಡದಾಕಿ, ಬಿಗಿ ಮಾಡೀನಿ ಅಂತ ಅಂದ್ಕೊಂಡೆ, ಮಾಡಿರ್ಲಿಲ್ಲೇನೋ. ಅಕ್ಕನ ಕೈ ನನ್ನ ಕೈಲೇ ಹೋತಲ್ಲ ಶಿವನೇ ಅಂತ ಸೆರಗಿಲೆ ಕಣ್ಣು ಒರಿಸ್ಕೊಂಡೆ. ಒರಿಸ್ಕೊಂಡಮ್ಯಾಲೆ ಕಣ್ಣು ಸ್ವಚ್ಛ ಕಾಣಿಸಿತು.

ವೈರಿನ ತುದಿಗೆ ಸವರಿದ್ದ ವ್ಯಾಸಲೀನಿನ ಮ್ಯಾಲೆ ಬೆಳ್ಳಗ ಮೂರು ಬೆರಳಿನ ಗುರ್ತು.

"ಅದು ಬ್ಯಾಟ್ರಿ ಉಪ್ಪು" ಅಂದ್ರು ಇವ್ರು, ನಾನು ಕೇಳೋಕಿಂತ ಮೊದ್ಲೇ.

ಬಗ್ಗಿ ಮೂಸಿ ನೋಡಿದೆ. ದಿನಾ ಮುಂಜಾನೆ ನಮ್ಮ ದೇವರಮನಿಯಾಗ ಬರೋ ವಾಸನಿ. ಮೂವತ್ತೊಂದು ವರ್ಷ ಆ ವಿಭೂತಿ ಗಟ್ಟಿ ತಂದಿಟ್ಟಾಕಿ ನಾನು, ನನಗ ಗೊತ್ತಾಗಂಗಿಲ್ಲೇನು? ತಿರುಗಿ ಇವ್ರ ಬಲಗೈ ಹಿಡ್ದು ಎತ್ತಿದೆ. ಮೂರು ಬೆರಳ ತುದಿ ವ್ಯಾಸಲೀನಿಗೆ ಮಿಂಚ್ತಿತ್ತು. ನಿನ್ನಿನಂಗ ಕೆಂಧೂಳಿ ತುಂಬಿದ್ರ ಯಾರು ಮುಟ್ಟ್ಯಾರಂತ ಈ ಜಲ್ಮದಾಗ ಗೊತ್ತಾಗ್ತಿರ್ಲಿಲ್ಲ. ಸ್ವಚ್ಛ ಮಾಡಿದ್ದಕ್ಕ ಕಾಣಿಸಿತು.

ಎದುರು ಮನಿಯಾಕಿ ಒಳಗ ಹೋದ್ಲು. ಹಾಲಿನವನೂ ಹೋದ.

ನಾನು ಚೀರ್ಲಿಲ್ಲ. ಚೀರ್ತೀನಿ ಅಂದ್ಕೊಂಡಿದ್ರು ಇವ್ರು, ನಾನೂ ಅಂದ್ಕೊಂಡಿದ್ದೆ. ಇವ್ರು ಆ ಕೈನ ಬಿಡಿಸ್ಕೊಳ್ದೇ ನಿಂತು, ಸಣ್ಣ ಧ್ವನಿಯಾಗ ಅಂದ್ರು:

"ಸ್ಟೋರ್ಸಿನಾಗ ಇದ್ದಾಗ ನಾನು ಬರೋತನ ಒಂದು ನಟ್ಟು ಹೊರಗ ಹೋಗ್ತಿರ್ಲಿಲ್ಲ. ಮಂದಿ ಸಾಲುಗಟ್ಟಿ ಕಾಯ್ತಿದ್ರು. ಈಗ ನೀನೊಬ್ಬಾಕಿನೇ ಇದ್ದಿ. ನಿನಗೂ ಲೈಸೆನ್ಸ್ ಬಂದ್ರ ನನ್ನನ್ನ ಯಾರು ಕಾಯ್ತಾರ?"

ಹನ್ನೊಂದು ವರ್ಷದ ಧೂಳು ತೆಗದಿದ್ದೆ, ಇದು ಅದಕ್ಕಿಂತ ಹಳೇದು. ನಗಬೇಕೋ, ಕಪಾಳಕ್ಕ ಕೊಡಬೇಕೋ ತಿಳೀಲಿಲ್ಲ. ದರೋಜಿ ಕ್ರಾಸು ನೆನಪಾತು. ಕಟ್ಟಿಮ್ಯಾಲೆ ಸೀರಿ ಉಟ್ಕೊಂಡು ಕುಂತ ಅಕ್ಕ ನೆನಪಾದ್ಲು. ಮರುಗಿದೆ ಅಂದ್ರ ಸುಳ್ಳಾಗ್ತೈತಿ. ಸಿಟ್ಟೂ ಇತ್ತು, ಬ್ಯಾಸರನೂ ಆತು. ಆದ್ರ ಗಡಿಯಾರದಾಗ ಒಂಬತ್ತೂ ಹದಿನೈದಾಗಿತ್ತು.

"ಕಾಯೋರು ಯಾರೂ ಇರಂಗಿಲ್ಲ ಇನ್ನ" ಅಂದೆ. "ಹತ್ತು ನಂಬರ್ ಪಾನಾ ಕೊಡ್ರಿ."

ಬಿಳಿ ಅಂಗಿ ಜೇಬಿಂದ ತೆಗೆದು ಕೊಟ್ರು. ಇಪ್ಪತ್ತಾರು ವರ್ಷದ ಸರ್ವಿಸಿನಾಗ ಚೀಟಿ ಕೇಳ್ದೆ ಇಶ್ಯೂ ಮಾಡಿದ ಸಾಮಾನು ಅದ ಒಂದೇ ಇರ್ಬೇಕು. ಜೇಬಿಗೆ ಕರೀ ಗ್ರೀಸ್ ಹತ್ತಿತ್ತು.

ವೈರ್ ಹಾಕಿದೆ, ಬಿಗಿ ಮಾಡಿದೆ. ಐದು ನಿಮಿಷನೂ ಹಿಡೀಲಿಲ್ಲ. ಬಾನೆಟ್ ಹಾಕಿ, "ಎಲ್ ಬೋರ್ಡ್ ಐತಿ, ಪಕ್ಕದಾಗ ಲೈಸೆನ್ಸ್ ಇರೋರು ಬೇಕು. ಕುಂದ್ರಿ" ಅಂದೆ. ಕುಂತ್ರು. ಗ್ರೌಂಡಿನಾಗ ಸಂಘಮಿತ್ರಾ ಕೈ ಬೀಸಿದ್ಲು. ಎಂಟು ಹಾಕಿದೆ, ಹಿಂದಕ್ಕ ತಗೊಂಡೆ, ಏರಿನಾಗ ನಿಲ್ಲಿಸಿ ಎತ್ತಿದೆ. ಇನ್‌ಸ್ಪೆಕ್ಟರ್ ಬಾನೆಟ್ ಕಡೆ ಹೊಳ್ಳಿ ಸೈತ ನೋಡ್ಲಿಲ್ಲ. ಪಾಸಾದೆ.

ಮಂಗಳವಾರ ಎಂಟಕ್ಕ ಐದು ನಿಮಿಷ ಇರೋವಾಗ್ಲೇ ಬುಕ್ಕಸಾಗರದಾಗ ಹಾರನ್ ಹೊಡದೆ. ಅಕ್ಕ ಇನ್ನೂ ಸೀರಿ ಉಟ್ಟಿರ್ಲಿಲ್ಲ. ಯಾರೂ ಹೊತ್ತಿಗೆ ಬರಂಗಿಲ್ಲ ಅಂತ ಆಕಿಗೂ ರೂಢಿ ಆಗಿತ್ತು ನೋಡ್ರಿ. ನನ್ನನ್ನ ಡ್ರೈವರ್ ಸೀಟಿನಾಗ ನೋಡಿ ಅತ್ಲು. ಈಗ ನಾಲ್ಕು ತಿಂಗಳಾತು. ಬಲಗೈಲೆ ಚಾ ಲೋಟ ಹಿಡೀತಾಳ, ಅರ್ಧ ಚೆಲ್ತಾಳ.

ತಿಂಗಳಿಗೊಂದು ಭಾನುವಾರ ನಾನು ಇಂಜಿನ್ ಒರಸ್ತೀನಿ. ತಣ್ಣಗಾಗೋತನ ಬಿಟ್ಟು, ಮೊದ್ಲು ನೆಗೆಟಿವ್ ತೆಗೀತೀನಿ, ಕವರ್ ಕಟ್ತೀನಿ, ಸಂದಿ ಸಂದಿ ತಿಕ್ತೀನಿ. ನಮ್ಮನಿಯವ್ರು ಪಕ್ಕದಾಗ ಬಕೀಟು ಹಿಡ್ಕೊಂಡು ನಿಂದರ್ತಾರ. ಕರದ್ರ ಕೂಡ್ಲೇ ಬರ್ತಾರ ಈಗ. ವೈರಿನ ತುದಿಮ್ಯಾಲಿನ ಆ ಮೂರು ಬಿಳಿ ಗುರ್ತು ಮಾತ್ರ ನಾನು ಮುಟ್ಟಂಗಿಲ್ಲ. ಸುತ್ತ ಒರಿಸಿ ಅದನ್ನ ಹಂಗೇ ಬಿಡ್ತೀನಿ. ಹೋದ ಭಾನುವಾರ ಇವ್ರು ಬಗ್ಗಿ ನೋಡಿ, "ಎರ್ರೀ, ಅಲ್ಲೊಂದಿಷ್ಟು ಉಳೀತು" ಅಂದ್ರು.

"ಇರ್ಲಿ ಬಿಡ್ರಿ" ಅಂದೆ. "ಅದು ಬ್ಯಾಟ್ರಿ ಉಪ್ಪು."